ಬಳೆಗಾರ ಓಣಿ ಈಗ ಎಲ್ಲಿದೆ

ನನ್ನ ತಂಗಿ ತುಂಗಾ ಮದುವೆಯಾಗಿ ಬಳೆಗಾರ ಓಣಿಗೆ ಹೋದ ದಿನ ಆ ಓಣಿ ಕೆರೆಯ ದಂಡೆಯ ಮೇಲಿತ್ತು. ಮೂರನೆಯ ದಿನ ನಾವು ಹೆಣ್ಣಿನ ಕಡೆಯವರು ಬುತ್ತಿ ಕಟ್ಟಿಕೊಂಡು ಹೋಗುವಷ್ಟರಲ್ಲಿ ಅದು ಎಣ್ಣೆಗಾಣದ ಹಿಂದೆ ಹೋಗಿ ಕೂತಿತ್ತು. ಬುತ್ತಿ ಹೊತ್ತುಕೊಂಡು ಮಧ್ಯಾಹ್ನದವರೆಗೆ ತಿರುಗಿದೆವು. ನಮ್ಮ ಊರಿನಲ್ಲಿ ಇದೇನೂ ಹೊಸತಲ್ಲ. ಇಲ್ಲಿ ಓಣಿಗಳು ಜಾಗ ಬದಲಿಸುತ್ತವೆ. ಮನೆ, ನಲ್ಲಿ, ಕಟ್ಟೆ, ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುವ ಮುದುಕರು, ಎಲ್ಲವನ್ನೂ ಕರೆದುಕೊಂಡು ಹೋಗುತ್ತವೆ. ಒಲೆಯ ಮೇಲಿನ ಹಾಲು ತುಳುಕುವುದಿಲ್ಲ. ಊರಿನ ಕಪ್ಪುಬಸಿಗಳೆಲ್ಲ ಒಂದು ಕ್ಷಣ ಸಣ್ಣಗೆ ನಡುಗುತ್ತವೆ, ಅಷ್ಟೇ. ಆಮೇಲೆ ಕಿಟಕಿಯ ಬಿಸಿಲು ಬೇರೆ ಗೋಡೆಯ ಮೇಲೆ ಬಿದ್ದಾಗ, ಓಹೋ ಹೊರಟೆವು ಎಂದು ಒಳಗಿನವರಿಗೆ ತಿಳಿಯುತ್ತದೆ.

ಎಲ್ಲ ಓಣಿಗಳೂ ಹಾಗಲ್ಲ. ಕೂತ ಓಣಿಗಳಿವೆ, ತಿರುಗುವ ಓಣಿಗಳಿವೆ. ಗುಡಿಯ ಓಣಿ ನಮ್ಮಜ್ಜಿಯ ಕಾಲದಿಂದಲೂ ಅಲ್ಲಾಡಿಲ್ಲ. ಬಡಿಗೇರ ಓಣಿ ತಿಂಗಳಿಗೊಮ್ಮೆ ಮಗ್ಗುಲು ಬದಲಿಸುತ್ತದೆ. ಬಳೆಗಾರ ಓಣಿಗೆ ಮಾತ್ರ ಕಾಲಲ್ಲಿ ಚಕ್ರ, ಒಂದೇ ದಿನ ಮೂರು ಸಲ ಹೋದದ್ದೂ ಉಂಟು. ಹೆಣ್ಣು ಕೊಡುವಾಗ ನಮ್ಮವರು ಹುಡುಗನ ಕೆಲಸ ಕೇಳುವ ಮೊದಲು ಓಣಿ ಎಂಥದ್ದು ಎಂದು ಕೇಳುತ್ತಾರೆ. ತಿರುಗುವ ಓಣಿಯ ಹೆಂಗಸರು ಹಪ್ಪಳವನ್ನು ಮೊರದಲ್ಲಿ ಒಣಗಿಸುತ್ತಾರೆ, ಬಿಸಿಲು ಸರಿದರೆ ಎತ್ತಿಕೊಂಡು ಓಡಲು. ಹೂ ಮಾರುವ ಚೆನ್ನವ್ವನಂತೂ ಓಣಿ ಓಣಿ ಅಲೆಯುವುದನ್ನು ಬಿಟ್ಟು ನಾಲ್ಕು ದಾರಿ ಕೂಡುವಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿರುತ್ತಾಳೆ. ಓಣಿಗಳೇ ಅವಳ ಹತ್ತಿರ ಬರುತ್ತವೆ.

ನಾನು ನಗರಸಭೆಯ ವಿಚಾರಣೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಫೋನು ಎತ್ತಿದವಳು. ಪ್ರತಿ ಓಣಿಯ ಬಾಯಲ್ಲಿ ಒಂದು ಕಬ್ಬಿಣದ ಕಂಬವಿದೆ. ಓಣಿ ಹೋಗಿ ನಿಂತ ಕೂಡಲೇ ಆ ಕಂಬ ನಮ್ಮ ಕೋಣೆಗೆ ಸುದ್ದಿ ಕಳಿಸುತ್ತದೆ. ನಾವು ಅದನ್ನು ನೋಡಿ ಕೇಳಿದವರಿಗೆ ಹೇಳುತ್ತಿದ್ದೆವು. ಆಮೇಲೆ ಹೊರಗಿನಿಂದ ಒಂದು ಕಂಪನಿಯವರು ಬಂದು ಓಣಿಗಳ ಆ್ಯಪ್ ಮಾಡಿಕೊಟ್ಟರು. ಮೊಬೈಲ್ ತೆಗೆದು ಓಣಿಯ ಹೆಸರು ಒತ್ತಿದರೆ ಅದು ಸರ್ವರನ್ನು ಕೇಳುತ್ತದೆ, ಸರ್ವರು ಜಾಗ ಹೇಳುತ್ತದೆ. ಸರ್ವರೆಂದರೆ ನನ್ನ ಕೋಣೆಯ ಮೂಲೆಯಲ್ಲಿ, ಧೂಳು ಕೂರದಂತೆ ಹಳೆಯ ಚಾದರ ಹೊದಿಸಿಟ್ಟ ಒಂದು ಯಂತ್ರ. ಮೊದಲ ವಾರವೇ ಅದು ಕುಸಿದುಬಿತ್ತು. ಕಪ್ಪುಬಸಿ ನಡುಗಿದ ಕೂಡಲೇ ಊರಿಗೆ ಊರೇ ಮೊಬೈಲ್ ಒತ್ತಿದರೆ ಅದಾದರೂ ಏನು ಮಾಡೀತು? ಆಗ ಕಂಪನಿಯವರು ಒಂದು ಉಪಾಯ ಮಾಡಿದರು. ಒಮ್ಮೆ ಬಂದ ಉತ್ತರವನ್ನು ಮೊಬೈಲ್ ತನ್ನಲ್ಲೇ ಒಂದು ದಿನ ತೆಗೆದಿಟ್ಟುಕೊಳ್ಳಬೇಕು, ಮತ್ತೆ ಕೇಳಿದರೆ ಅದನ್ನೇ ತೋರಿಸಬೇಕು. ಸರ್ವರಿಗೆ ಉಸಿರು ಬಂತು. ಜನಕ್ಕೂ ಖುಷಿಯಾಯಿತು, ಉತ್ತರ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬರುತ್ತಿತ್ತು. ಕಂಪನಿಯವರು ಕೈಕುಲುಕಿ, ಒಂದು ದಪ್ಪ ಕಾಗದದ ಕಟ್ಟು ಕೊಟ್ಟು ಹೋದರು. ನಲವತ್ತಾರನೆಯ ವಯಸ್ಸಿನಲ್ಲಿ ಟೈಪಿಂಗ್ ಶಾಲೆಯ ಮೇಲಿನ ಮಾಳಿಗೆಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತವಳು ನಾನೊಬ್ಬಳೇ ಆದ್ದರಿಂದ ಆ್ಯಪ್ ನನ್ನ ಕೊರಳಿಗೆ ಬಿತ್ತು.

ಎರಡು ವರ್ಷ ಯಾರಿಗೂ ದೊಡ್ಡ ತೊಂದರೆಯಾಗಲಿಲ್ಲ. ತಿರುಗುವ ಓಣಿಯವರು ಹೇಗೂ ದಾರಿ ತಪ್ಪಿಸಿಕೊಂಡೇ ಬದುಕಿದವರು. ಆದರೆ ಈ ಸಲ ಬೇಸಿಗೆಯ ಮೊದಲಿಗೆ ಬಳೆಗಾರ ಓಣಿಯ ಕಾಶೀಬಾಯಿಗೆ ಬೆಳಿಗ್ಗೆ ಹೆರಿಗೆ ನೋವು ಶುರುವಾಯಿತು. ಮನೆಮನೆಗೆ ಹೋಗಿ ಹೆರಿಗೆ ಮಾಡಿಸುವ ನರ್ಸ್ ಜೈಬುನ್ನಿಸಾ ನನ್ನ ಗೆಳತಿ. ಅವಳು ಚೀಲ ಹಿಡಿದು ಮೊಬೈಲ್ ನೋಡಿದಳು. ಹತ್ತಿಯ ಗೋದಾಮಿನ ಹಿಂದೆ ಎಂದಿತು ಅದು. ಅದು ಹಿಂದಿನ ಸಂಜೆಯ ಉತ್ತರ. ಓಣಿ ಅಲ್ಲಿಂದ ಹೋಗಿ ನಾಲ್ಕು ತಾಸಾಗಿತ್ತು. ಗೋದಾಮಿನ ಹಿಂದೆ ಔಡಲ ಗಿಡಗಳು ಬೆಳೆದ ಬಯಲು ಬಿಟ್ಟರೆ ಏನೂ ಇರಲಿಲ್ಲ. ಬೇರೆ ಊರಿನವರಾಗಿದ್ದರೆ ಮೊಬೈಲ್ ಒಳಗಿಟ್ಟು ಯಾರನ್ನಾದರೂ ಕೇಳುತ್ತಿದ್ದರು. ನಮ್ಮ ಊರಿನವರು ಹಾಗೆ ಮಾಡುವುದಿಲ್ಲ. ಕಣ್ಣೆದುರಿನ ಜಾಗ ಸುಳ್ಳಾಗುವುದು ನಮಗೆ ಹುಟ್ಟಿದಾಗಿನಿಂದ ರೂಢಿ. ಜೈಬುನ್ ಆ ಬಯಲನ್ನು ಮೂರು ಸುತ್ತು ಹಾಕಿದಳಂತೆ, ಓಣಿ ಈಗ ಕಾಣಿಸೀತು, ಇನ್ನೊಂದು ಗಳಿಗೆಗೆ ಕಾಣಿಸೀತು ಎಂದು. ಅವಳು ತಲುಪುವಾಗ ಒಂದೂವರೆ ತಾಸು ತಡವಾಗಿತ್ತು. ಮಗು ಉಳಿಯಿತು. ಕಾಶೀಬಾಯಿ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಜೈಬುನ್ ಆಮೇಲೆ ಬಹಳ ದಿನ ಯಾರ ಮುಖವನ್ನೂ ನೋಡಿ ಮಾತಾಡಲಿಲ್ಲ. ನಾನು ಅವಳ ಮುಖ ನೋಡಲಿಲ್ಲ, ಯಾಕೆಂದರೆ ತಪ್ಪು ಅವಳದಲ್ಲ, ನನ್ನ ಕೋಣೆಯದು.

ನಗರಸಭೆಯ ಮುಖ್ಯಾಧಿಕಾರಿ ಕಟಗಿ ಸಾಹೇಬರು ಒಂದು ಆದೇಶ ಬರೆಸಿದರು. ತಿರುಗುವ ಓಣಿಗಳ ಬಸುರಿಯರೆಲ್ಲ ಏಳು ತಿಂಗಳಾದ ಕೂಡಲೇ ಮನೆ ಬಿಟ್ಟು, ಗುಡಿಯ ಓಣಿಯ ನಗರಸಭೆ ಭವನಕ್ಕೆ ಬಂದಿರತಕ್ಕದ್ದು. ಇಪ್ಪತ್ತು ಮಂಚ, ಒಂದು ನಲ್ಲಿ. ಆದೇಶದ ತುಂಬ ಕಾಳಜಿಯ ಮಾತುಗಳಿದ್ದವು. ಯಾವ ಹೆಂಗಸನ್ನೂ ಕೇಳಿ ಬರೆದದ್ದಲ್ಲ. ತುಂಗಾಗೆ ಆಗ ಎಂಟು ತಿಂಗಳು. ಮದುವೆಯಾಗಿ ಹದಿನೈದು ವರ್ಷಕ್ಕೆ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಯಾರೂ ಅಂದುಕೊಳ್ಳದಿದ್ದಾಗ ನಿಂತ ಗರ್ಭ. ಆದೇಶದ ಸುದ್ದಿ ಹೇಳಲು ಹೋದ ನನ್ನ ಮುಂದೆ ಅವಳು ಬಳೆಗಳನ್ನು ದಾರಕ್ಕೆ ಪೋಣಿಸುತ್ತಲೇ ಹೇಳಿದಳು:

"ನಾ ಎಲ್ಲಿಗೂ ಬರೂದಿಲ್ಲ, ಅಕ್ಕಾ. ಈ ಓಣಿ ತಿರುಗತೈತಿ ಖರೆ. ಆದರ ಒಂದಿನಾನೂ ನನ್ನ ಬಿಟ್ಟು ತಿರುಗಿಲ್ಲ."

ನಾನು ಕಟಗಿ ಸಾಹೇಬರ ಎದುರು ಹೋಗಿ ನಿಂತೆ. ಆ್ಯಪ್ ನಿಜ ಹೇಳುವಂತೆ ಮಾಡುತ್ತೇನೆ, ಅಲ್ಲಿಯವರೆಗೆ ಆದೇಶ ತಡೆಯಿರಿ ಎಂದೆ. ಅವರು ಕೆಟ್ಟವರಲ್ಲ, ಹೆದರಿದವರು. ಹದಿನೈದು ದಿನ ಕೊಟ್ಟರು. ಆಗದಿದ್ದರೆ ಹದಿನಾರನೆಯ ದಿನ ಬೆಳಿಗ್ಗೆ ಗಾಡಿ ಬಂದು ತುಂಗಾಳನ್ನು ಕರೆದುಕೊಂಡು ಹೋಗುತ್ತದೆ ಎಂದರು.

ಮೊದಲ ನಾಲ್ಕು ದಿನದಲ್ಲಿ ನಾನು ಮಾಡಿದ್ದು ಸಿಟ್ಟಿನ ಕೆಲಸ. ತೆಗೆದಿಟ್ಟ ಉತ್ತರವೇ ತಾನೇ ಮೋಸ ಮಾಡಿದ್ದು? ಯಾವ ಮೊಬೈಲೂ ಏನನ್ನೂ ಇಟ್ಟುಕೊಳ್ಳಬಾರದು, ಪ್ರತಿ ಸಲವೂ ಕೇಳಬೇಕು ಎಂದು ಬರೆದೆ. ಐದನೆಯ ದಿನ ಹನ್ನೊಂದು ಗಂಟೆಗೆ ಸಂತೆಪೇಟೆಯ ಓಣಿ ಕದಲಿತು. ಊರೆಲ್ಲ ಒತ್ತಿತು. ನಾಲ್ಕೇ ನಿಮಿಷದಲ್ಲಿ ಸರ್ವರು ಚಾದರದೊಳಗೇ ತಣ್ಣಗಾಯಿತು, ಸಂಜೆಯವರೆಗೆ ಏಳಲಿಲ್ಲ. ಮಕ್ಕಳನ್ನು ಶಾಲೆಯಲ್ಲೇ ಕೂರಿಸಿಕೊಂಡರು. ಬೀಗರ ಮನೆ ಹುಡುಕುತ್ತಿದ್ದ ಹದಿನೆಂಟು ಜನ ಯಾರದೋ ಮನೆಯಲ್ಲಿ ಊಟ ಮುಗಿಸಿ, ಅಡುಗೆ ಚೆನ್ನಾಗಿತ್ತೆಂದು ಹೊಗಳಿ ಬಂದರಂತೆ. ಕಟಗಿ ಸಾಹೇಬರು ಬಾಗಿಲಲ್ಲಿ ನಿಂತು, ಮೊದಲು ಹಳೇದನ್ನಾದರೂ ಹೇಳುತ್ತಿತ್ತು, ಈಗ ಬಾಯೇ ಬಿದ್ದುಹೋಯಿತಲ್ಲ ಅಕ್ಕಾರ, ಎಂದು ಹೋದರು.

ಮರುದಿನ ಬೆಳಿಗ್ಗೆ ಅತ್ತೆ ಅಂಬವ್ವ ಎಂದಿನಂತೆ ನನ್ನ ಚಹಾ ತಂದಿಟ್ಟರು. ಸಕ್ಕರೆ ಇಲ್ಲದ ಚಹಾ. ಇದರ ಕಥೆ ಹೇಳಬೇಕು. ಮದುವೆಯಾಗಿ ಬಂದ ಮೊದಲ ಬೆಳಿಗ್ಗೆ ಅತ್ತೆ ಎಷ್ಟು ಸಕ್ಕರೆ ಎಂದು ಕೇಳಿದ್ದರು. ಡಬ್ಬಿಯ ತಳದಲ್ಲಿ ಒಂದು ಚಮಚದಷ್ಟು ಮಾತ್ರ ಉಳಿದದ್ದು ನನಗೆ ಕಂಡಿತ್ತು. ಹೊಸ ಸೊಸೆ, ನಾಚಿಕೆ. ನನಗೆ ಬೇಡ, ನಾನು ಸಕ್ಕರೆ ಹಾಕಿಕೊಳ್ಳುವುದಿಲ್ಲ ಎಂದುಬಿಟ್ಟೆ. ಅತ್ತೆ ಅದನ್ನು ಮನಸ್ಸಿನಲ್ಲಿಟ್ಟುಕೊಂಡರು. ಮತ್ತೆ ಕೇಳಲಿಲ್ಲ. ಇಪ್ಪತ್ತನಾಲ್ಕು ವರ್ಷ, ದಿನಕ್ಕೆ ಎರಡು ಸಲ, ಬಹಳ ಅಕ್ಕರೆಯಿಂದ ನನಗಾಗಿ ಬೇರೆಯಾಗಿ ಸಕ್ಕರೆಯಿಲ್ಲದ ಚಹಾ ಮಾಡಿಕೊಟ್ಟಿದ್ದಾರೆ. ನನಗೆ ಸಿಹಿ ಎಂದರೆ ಪ್ರಾಣ. ಮೊದಲ ವರ್ಷ ಹೇಳಲು ಸಂಕೋಚವಾಯಿತು. ಐದನೆಯ ವರ್ಷ, ಇಷ್ಟು ದಿನ ಸುಮ್ಮನಿದ್ದು ಈಗ ಹೇಳಿದರೆ ಏನಂದುಕೊಂಡಾರು ಎನ್ನಿಸಿತು. ಹತ್ತು ವರ್ಷದ ನಂತರ ಅದು ನನ್ನ ಗುಣವೇ ಆಗಿಹೋಯಿತು. ಇಂಥ ಎಷ್ಟು ಸಣ್ಣ ಸಣ್ಣ ಕಹಿಗಳನ್ನು ಹೆಂಗಸರು ಬೆಳಿಗ್ಗೆ ಸಂಜೆ ಕುಡಿಯುತ್ತಾರೋ, ಲೆಕ್ಕ ಇಟ್ಟವರಿಲ್ಲ.

ಅದೇ ದಿನ ಮಧ್ಯಾಹ್ನ ಜೈಬುನ್ ಮನೆಗೆ ಹೋದೆ. ಮಾತು ಕಮ್ಮಿಯಾದರೂ ಹೋಗುವುದು ಬಿಟ್ಟಿರಲಿಲ್ಲ. ಅವಳು ಒಲೆಯ ಮುಂದೆ ನಿಂತು, ಯಾವಾಗಲೂ ಮಾಡುವ ಹಾಗೆ, ಸಕ್ಕರೆಯ ಚಮಚವನ್ನು ಕಪ್ಪಿನ ಮೇಲೆ ಹಿಡಿದು ನನ್ನ ಕಡೆ ನೋಡಿದಳು.

"ಹಿಂದಿನಂಗ?"

ನಾನು ತಲೆಯಾಡಿಸಿದೆ. ಎರಡು ಚಮಚ ಹಾಕಿದಳು. ಹದಿನೆಂಟು ವರ್ಷದ ಗೆಳೆತನದಲ್ಲಿ ಅವಳು ಪ್ರತಿ ಸಲವೂ ಹೀಗೆ ಕೇಳಿದ್ದಾಳೆ. ಎಷ್ಟು ಚಮಚ, ಹಾಲು ಎಷ್ಟು, ಶುಂಠಿ ಬೇಕೋ ಬೇಡವೋ ಎಂದು ಮೊದಲಿನಿಂದ ಎಲ್ಲ ವಿಚಾರಿಸುವುದಿಲ್ಲ. ತನಗೆ ಗೊತ್ತಿರುವುದು ಈಗಲೂ ಸರಿಯೇ ಎಂದಷ್ಟೇ ಕೇಳುತ್ತಾಳೆ. ನಾನು ಬಾಯಿ ಕೂಡ ತೆರೆಯಬೇಕಿಲ್ಲ. ಜ್ವರ ಬಂದ ದಿನ ಮಾತ್ರ, ಇಲ್ಲ ಇವತ್ತು ಕರಿ ಚಹಾ ಮಾಡು ಎಂದಿದ್ದೇನೆ. ನಾನು ಕಪ್ಪನ್ನು ನಡುವೆಯೇ ಕೆಳಗಿಟ್ಟೆ. ಜೈಬುನ್ ಹತ್ತಿರ ಬಂದು, ಚಹಾ ಕೆಟ್ಟೈತೇನ್ರಿ ಅಕ್ಕಾರ, ಎಂದು ಕೇಳಿದಳು. ಇಲ್ಲ, ನನ್ನ ಬುದ್ಧಿ ಕೆಟ್ಟಿತ್ತು ಎಂದು ಹೇಳಿ ಅರ್ಧ ಕುಡಿದ ಚಹಾ ಬಿಟ್ಟು ಕಚೇರಿಗೆ ಓಡಿದೆ.

ಮೊಬೈಲ್ ಉತ್ತರ ಇಟ್ಟುಕೊಳ್ಳಲಿ, ಅದರಲ್ಲಿ ತಪ್ಪಿಲ್ಲ. ಕೇಳದೆ ನಂಬುವುದು ತಪ್ಪು. ನಾನು ಪ್ರತಿ ಓಣಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟೆ. ಓಣಿ ಜಾಗ ಬಿಟ್ಟರೆ ಸಂಖ್ಯೆ ಒಂದು ಹೆಚ್ಚಾಗುತ್ತದೆ. ಮೊಬೈಲ್ ಈಗ ಸರ್ವರಿಗೆ, ನನ್ನ ಹತ್ತಿರ ಬಳೆಗಾರ ಓಣಿಯ ಆರುನೂರಾ ಹನ್ನೆರಡು ಇದೆ, ಹಿಂದಿನಂತೆಯೇ? ಎಂದಷ್ಟೇ ಕೇಳುತ್ತದೆ. ಬದಲಾಗದಿದ್ದರೆ ಸರ್ವರು ತಲೆಯಾಡಿಸುತ್ತದೆ, ಅಷ್ಟೇ. ಬದಲಾಗಿದ್ದರೆ ಮಾತ್ರ ಹೊಸ ಜಾಗ, ದಾರಿ, ನಕ್ಷೆ ಎಲ್ಲ ಕಳಿಸುತ್ತದೆ. ಎಲ್ಲ ಓಣಿಗೂ ಒಂದೇ ನಿಯಮವೂ ಸಲ್ಲದು. ಗುಡಿಯ ಓಣಿಯನ್ನು ವಾರಕ್ಕೊಮ್ಮೆ ಕೇಳಿದರೆ ಸಾಕು. ಬಡಿಗೇರ ಓಣಿಯ ಹಳೆಯ ಉತ್ತರವನ್ನು ಕೂಡಲೇ ತೋರಿಸಿ, ಅದರ ಹಿಂದೆಯೇ ಕೇಳಿ ತಿದ್ದಬಹುದು. ಬಳೆಗಾರ ಓಣಿಯನ್ನು ಮಾತ್ರ ಕೇಳದೆ ತೋರಿಸಲೇಬಾರದು. ಸಿಗ್ನಲ್ ಇಲ್ಲದೆ ಕೇಳಲಾಗದಿದ್ದರೆ ಹಳೆಯದನ್ನು ತೋರಿಸಬಹುದು, ಆದರೆ ಮಸುಕು ಅಕ್ಷರದಲ್ಲಿ, ಮೇಲೆ ಇದು ಇಷ್ಟು ಹೊತ್ತಿನ ಹಿಂದಿನ ಮಾತು ಎಂದು ಬರೆದು. ಹಳೆಯದನ್ನು ಹಳೆಯದೆಂದು ಹೇಳಿದರೆ ಅದು ಸುಳ್ಳಾಗುವುದಿಲ್ಲ.

ಒಂಬತ್ತನೆಯ ದಿನ ಎಲ್ಲ ಮುಗಿಸಿ ಮೊಬೈಲ್ ಹಿಡಿದು ತುಂಗಾಳ ಜಗಲಿಯ ಮೇಲೆ ಕೂತೆ. ಓಣಿ ಎಣ್ಣೆಗಾಣದಿಂದ ಕೆರೆಯ ದಂಡೆಗೆ ಹೋಯಿತು. ಎದುರಿಗೆ ನೀರು ಕಾಣುತ್ತಿದೆ, ಮೊಬೈಲ್ ಹಿಂದಿನಂತೆಯೇ ಎಂದು ಕೇಳಿತು, ಹಿಂದಿನಂತೆಯೇ ಎಂದು ಉತ್ತರ ಬಂತು, ಎಣ್ಣೆಗಾಣ ತೋರಿಸಿತು. ಕಚೇರಿಗೆ ಓಡಿ ಸರ್ವರನ್ನು ನೋಡಿದರೆ ಅದರಲ್ಲಿ ಸರಿಯಾಗಿ ಆರುನೂರಾ ಹದಿಮೂರು ಎಂದೇ ಇದೆ. ಮೂರು ದಿನ ನಾನು ಬರೆದದ್ದರ ಒಂದೊಂದು ಅಕ್ಷರವನ್ನೂ ತಿರುವಿ ತಿರುವಿ ನೋಡಿದೆ. ಎಲ್ಲೂ ತಪ್ಪಿರಲಿಲ್ಲ. ತುಂಗಾ ತನ್ನ ಬಟ್ಟೆಗಳನ್ನು ಗಂಟು ಕಟ್ಟಿಟ್ಟಿದ್ದಾಳೆಂದು ಅವಳ ಗಂಡ ಫೋನು ಮಾಡಿ ಹೇಳಿದ. ಅವಳು ಸೋತು ಕಟ್ಟಿದ್ದಲ್ಲ, ನನಗೆ ಭಾರವಾಗದಿರಲಿ ಎಂದು ಕಟ್ಟಿದ್ದು. ಅದು ಇನ್ನೂ ಭಾರವಾಯಿತು.

ಹದಿಮೂರನೆಯ ದಿನ ಸಂಬಂಧಿಕರಲ್ಲಿ ಗೃಹಪ್ರವೇಶದ ಊಟ. ಪಂಕ್ತಿಯಲ್ಲಿ ನನ್ನ ಗಂಡ ಸಿದ್ರಾಮಪ್ಪ ನನ್ನ ಪಕ್ಕಕ್ಕೆ ಕೂತಿದ್ದರು. ಹೋಳಿಗೆ ಬಡಿಸುವವನು ಬಂದು ನನ್ನ ಎಲೆಯ ಮುಂದೆ ಬಗ್ಗಿ, ಹಾಕಲೇನ್ರಿ ಎಂದು ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಅವರು ನನ್ನ ಎಲೆಗೆ ಕೈ ಅಡ್ಡ ಹಿಡಿದರು.

"ಆಕಿ ಸಿಹಿ ತಿನ್ನೂದಿಲ್ಲ. ಮುಂದ ನಡಿ."

ಅವನು ಮುಂದೆ ಹೋದ. ಅವರ ದನಿಯಲ್ಲಿ ಒರಟುತನವಿರಲಿಲ್ಲ, ನನ್ನನ್ನು ಚೆನ್ನಾಗಿ ಬಲ್ಲೆನೆಂಬ ನೆಮ್ಮದಿಯಿತ್ತು. ತಾಯಿಯಿಂದ ಕೇಳಿದ್ದನ್ನು ಇಟ್ಟುಕೊಂಡಿದ್ದರು, ಅಷ್ಟೇ. ಪ್ರಶ್ನೆ ಬಂದದ್ದು ನನಗೆ. ನನ್ನವರೆಗೆ ಮುಟ್ಟಲೇ ಇಲ್ಲ. ಅನ್ನಕ್ಕೆ ಇಟ್ಟ ಕೈ ಹಾಗೇ ನಿಂತಿತು. ನಡುವೆ ಯಾರೋ ಉತ್ತರ ಕೊಡುತ್ತಿದ್ದಾರೆ. ನನ್ನ ಮೊಬೈಲಿನ ಪ್ರಶ್ನೆಯೂ ಸರ್ವರಿಗೆ ಮುಟ್ಟುತ್ತಿಲ್ಲ. ಮಜ್ಜಿಗೆಗೂ ಕಾಯದೆ ಎದ್ದುಹೋದೆ. ಕಂಪನಿಯವರ ಕಾಗದದ ಕಟ್ಟು ಬಿಚ್ಚಿ ಹುಡುಕಿದರೆ ನಲವತ್ತನೆಯ ಹಾಳೆಯಲ್ಲಿ ಒಂದೇ ಸಾಲು ಸಿಕ್ಕಿತು: ಸರ್ವರಿನ ಭಾರ ಇಳಿಸಲು ನೀರಿನ ಟ್ಯಾಂಕಿನ ಮೇಲೆ ಒಂದು ಪೆಟ್ಟಿಗೆ ಇಡಲಾಗಿದೆ. ಊರಿನ ಮೊಬೈಲ್‌ಗಳ ಪ್ರಶ್ನೆಗಳೆಲ್ಲ ಅದನ್ನು ದಾಟಿಯೇ ಬರುತ್ತವೆ, ಏನನ್ನೂ ಇಟ್ಟುಕೊಳ್ಳಬಾರದೆಂದು ಬರೆದ ಪ್ರಶ್ನೆಯನ್ನಷ್ಟೇ ಅದು ಸರ್ವರಿಗೆ ಬಿಡುತ್ತದೆ, ಉಳಿದವಕ್ಕೆ ಒಂದು ದಿನ ಇಟ್ಟುಕೊಂಡ ಉತ್ತರವನ್ನು ತಾನೇ ಹೇಳಿ ಕಳಿಸುತ್ತದೆ.

ಟ್ಯಾಂಕಿಗೆ ಎಂಬತ್ತೆರಡು ಮೆಟ್ಟಿಲು. ಹಬ್ಬದ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಮೊಣಕಾಲಿಗೆ ಸಮಾಧಾನ ಹೇಳುತ್ತ ಹತ್ತಿದೆ. ಮೇಲೆ ಬೂದು ಬಣ್ಣದ ಪೆಟ್ಟಿಗೆ ಬೆಚ್ಚಗೆ ಕೂತಿತ್ತು. ಅದರ ಕಾವಿಗೆ ಪಾರಿವಾಳವೊಂದು ಬೆನ್ನಿಗೇ ಗೂಡು ಕಟ್ಟಿ ಎರಡು ಮೊಟ್ಟೆ ಇಟ್ಟಿತ್ತು. ಪೆಟ್ಟಿಗೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅದಕ್ಕೆ ಯಾರೂ ಬೇರೆ ಹೇಳಿರಲಿಲ್ಲ. ಅದರಲ್ಲಿದ್ದ ಹಳೆಯದನ್ನೆಲ್ಲ ಖಾಲಿ ಮಾಡಿ, ಉತ್ತರದ ನೆತ್ತಿಯ ಮೇಲೆ ಸರ್ವರು ಏನು ಬರೆದಿದೆಯೋ ಅದರಂತೆ ನಡೆ ಎಂದು ತಿದ್ದಿದೆ. ತಿರುಗುವ ಓಣಿಗಳ ಉತ್ತರದ ಮೇಲೆ, ನಡುವಿನವರು ಇದನ್ನು ಇಟ್ಟುಕೊಳ್ಳಬಾರದು ಎಂದು ಬರೆದೆ. ಪಾರಿವಾಳ ನನ್ನನ್ನೇ ನೋಡುತ್ತಿತ್ತು, ಕದಲಲಿಲ್ಲ. ಇಳಿಯುವಾಗ ಮೊಬೈಲ್ ಒತ್ತಿದೆ. ಬಳೆಗಾರ ಓಣಿ, ಆರುನೂರಾ ಹತ್ತೊಂಬತ್ತು, ಕಲ್ಲುಬಾವಿಯ ಪಕ್ಕ. ಮೆಟ್ಟಿಲಿನ ಕಂಬಿಯ ಮೇಲಿಂದ ಬಗ್ಗಿ ನೋಡಿದರೆ ಕಲ್ಲುಬಾವಿಯ ಪಕ್ಕದ ಹೆಂಚಿನ ಸಾಲುಗಳ ಮೇಲೆ ಬಳೆಗಳು ಬಿಸಿಲಿಗೆ ಮಿಂಚುತ್ತಿದ್ದವು.

ಹದಿನೈದನೆಯ ದಿನ ಬೆಳಿಗ್ಗೆ ಹತ್ತೂವರೆಗೆ ತುಂಗಾಗೆ ನೋವು ಶುರುವಾಯಿತು, ದಿನ ತುಂಬುವ ಮೊದಲೇ. ಜೈಬುನ್ ಚೀಲ ಹಿಡಿದು ಹೊರಟಳೆಂದು ಫೋನು ಬಂತು. ನಾನು ಸರ್ವರಿನ ಮುಂದೆ ನಿಂತಿದ್ದೆ. ಕಟಗಿ ಸಾಹೇಬರು ಆದೇಶದ ಕಾಗದ ಹಿಡಿದು ಬಾಗಿಲಲ್ಲಿದ್ದರು. ಆರುನೂರಾ ಇಪ್ಪತ್ತೊಂದು. ಕಪ್ಪುಬಸಿಗಳು ನಡುಗಿದವು. ಇಪ್ಪತ್ತೆರಡು. ಅದರ ಹಿಂದೆಯೇ ಸಂತೆಪೇಟೆಯ ಓಣಿಯೂ ಎದ್ದಿತು, ಊರಿಗೆ ಊರೇ ಒತ್ತಿತು. ನಾನು ಚಾದರ ತೆಗೆದು ಎಸೆದೆ. ಹಿಂದಿನಂತೆಯೇ? ಹಿಂದಿನಂತೆಯೇ. ಹಿಂದಿನಂತೆಯೇ? ಇಲ್ಲ, ಇಗೋ ಹೊಸದು. ಸಾವಿರ ಸಾವಿರ ಪ್ರಶ್ನೆ, ಸಾವಿರ ಸಾವಿರ ಸಲ ತಲೆಯಾಡಿಸುವಿಕೆ. ಯಂತ್ರ ಬಿಸಿಯೂ ಆಗಲಿಲ್ಲ.

ದಾರಿಯಲ್ಲಿ ಏನಾಯಿತೆಂದು ಜೈಬುನ್ ಆಮೇಲೆ ಹೇಳಿದಳು. ಗೋದಾಮಿನ ಗೋಡೆಯ ಮಗ್ಗುಲಲ್ಲಿ ಸಿಗ್ನಲ್ ಹೋಯಿತು. ಮೊಬೈಲ್ ಅದೇ ಔಡಲ ಗಿಡದ ಬಯಲನ್ನು ತೋರಿಸಿತು. ಆದರೆ ಅಕ್ಷರ ಮಸುಕಾಗಿತ್ತು, ಮೇಲೆ ಇದು ಒಂಬತ್ತು ನಿಮಿಷದ ಹಿಂದಿನ ಮಾತು ಎಂದಿತ್ತು. ಅವಳು ಬಯಲಿಗೆ ಇಳಿಯಲಿಲ್ಲ. ದಿಬ್ಬ ಹತ್ತಿ ಮೊಬೈಲ್ ಎತ್ತಿ ಹಿಡಿದಳು. ಅಕ್ಷರ ಕಪ್ಪಾಯಿತು. ಓಣಿ ಚೆನ್ನವ್ವ ಹೂ ಮಾರುವಲ್ಲಿಂದ ಮೂರೇ ಹೆಜ್ಜೆ ಆಚೆ. ಜೈಬುನ್ ಒಳಗೆ ಕಾಲಿಟ್ಟ ಮೇಲೆ ಓಣಿ ಮತ್ತೊಮ್ಮೆ ಎದ್ದು, ಅವಳನ್ನೂ ಕರೆದುಕೊಂಡು ಹೋಯಿತು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ನನ್ನ ಫೋನು ರಿಂಗಾಯಿತು.

"ಹೆಣ್ಣು, ಅಕ್ಕಾರ. ತಾಯಿ ಮಗಳು ಇಬ್ರೂ ಅರಾಮ. ಬಂದು ನೋಡ್ರಿ. ಓಣಿ ಎಲ್ಲೈತಿ ಅಂತ ನನ್ನ ಕೇಳಬ್ಯಾಡ್ರಿ, ನಿಮ್ಮ ಮೊಬೈಲ್ ಕೇಳ್ರಿ."

ಕಟಗಿ ಸಾಹೇಬರು ಆದೇಶವನ್ನು ಹರಿಯುವ ಮೊದಲು ಒಮ್ಮೆ ಪೂರ್ತಿ ಓದಿಕೊಂಡರು. ಆಮೇಲೆ ನಾಲ್ಕು ತುಂಡು ಮಾಡಿ, ಎಲ್ಲಿ ಹಾಕುವುದೆಂದು ತಿಳಿಯದೆ ಜೇಬಿನಲ್ಲೇ ಇಟ್ಟುಕೊಂಡರು. ಸಂಜೆ ಬಳೆಗಾರ ಓಣಿಯ ಹೆಂಗಸರು ಗುಂಪಾಗಿ ಕಚೇರಿಗೆ ಬಂದರು, ಮುಂದೆ ಕಾಶೀಬಾಯಿ, ಕಂಕುಳಲ್ಲಿ ಅವಳ ಕೂಸು. ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಮೊಣಕೈಯವರೆಗೆ ಹಸಿರು ಬಳೆ ಏರಿಸಿದರು. ಜೈಬುನ್ ಕೈಗೂ ಏರಿಸಿದರು. ಅವಳು ಎಲ್ಲರ ಮುಖ ನೋಡಿ ನಗುತ್ತಿದ್ದಳು. ಉಳಿದ ಒಂದು ಡಜನ್ ಬಳೆಗಳನ್ನು ದಾರಕ್ಕೆ ಪೋಣಿಸಿ ಸರ್ವರಿಗೆ ಕಟ್ಟಿದರು. ಇಂದಿಗೂ ಅದು ಗುಂಯ್ ಎಂದಾಗ ಬಳೆಗಳು ಸಣ್ಣಗೆ ಕಿಣಿಕಿಣಿ ಎನ್ನುತ್ತವೆ.

ಮರುದಿನ ಬೆಳಿಗ್ಗೆ ಅತ್ತೆ ಚಹಾ ತಂದಿಟ್ಟರು. ಪಕ್ಕದಲ್ಲಿ ನನ್ನ ಗಂಡ ಪೇಪರ್ ಓದುತ್ತಿದ್ದರು. ನಾನು ಕಪ್ಪನ್ನು ಅತ್ತೆಯ ಕಡೆಗೆ ಮೆಲ್ಲಗೆ ಸರಿಸಿದೆ. ಕೈತುಂಬಿದ ಬಳೆಗಳು ಸದ್ದು ಮಾಡಿದವು.

"ಅತ್ತೀ, ಎರಡು ಚಮಚ ಸಕ್ಕರಿ ಹಾಕ್ರಿ."

ಪೇಪರ್ ಕೆಳಗಿಳಿಯಿತು. ಇಪ್ಪತ್ತನಾಲ್ಕು ವರ್ಷದ ಹಿಂದಿನ ಡಬ್ಬಿಯ ವಿಷಯವನ್ನು ನಾನು ಹೇಳಿದೆ. ಅತ್ತೆಗೆ ಆ ಡಬ್ಬಿ ನೆನಪಿತ್ತು.

"ಇಷ್ಟು ವರ್ಷ ಬಾಯಿ ಇರಲಿಲ್ಲೇನ ನಿನಗ?"

"ನೀವು ಮತ್ತ ಕೇಳಲಿಲ್ರಿ."

"ನೀನೂ ಹೇಳಲಿಲ್ಲ" ಎಂದರು ಅತ್ತೆ.

ಅದೂ ನಿಜವೇ. ಅವರು ಒಳಗೆ ಹೋಗಿ ಡಬ್ಬಿಯನ್ನೇ ತಂದು ಎರಡು ಚಮಚ ಹಾಕಿ, ಸ್ವಲ್ಪ ಯೋಚಿಸಿ ಮೇಲೊಂದು ಅರ್ಧ ಚಮಚ ಹಾಕಿ ಕಲಕಿದರು. ಅಷ್ಟು ಸಿಹಿ ನನಗೂ ಹೆಚ್ಚೇ. ಒಂದು ಹನಿ ಬಿಡದೆ ಕುಡಿದೆ. ಮರುದಿನ ಬೆಳಿಗ್ಗೆ ನಾನು ಅಡುಗೆಮನೆಗೆ ಹೋದಾಗ ಎಂಬತ್ತು ದಾಟಿದ ನನ್ನ ಅತ್ತೆ ಒಲೆಯ ಮುಂದೆ, ಸಕ್ಕರೆ ತುಂಬಿದ ಚಮಚವನ್ನು ನನ್ನ ಕಪ್ಪಿನ ಮೇಲೆ ಎತ್ತಿ ಹಿಡಿದು, ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದರು.